ಶನಿ ನಿಮ್ಮ ಎದುರಿಗೆ ಇದೆ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ನಮ್ಮ ಚಾಳೀಸಿಗೆ ಅದು ಇರಲಿಲ್ಲ. ಆದರೂ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹಲ್ಲಿನ ಡಾಕ್ಟರ ಮೂಗಿನ ಮೇಲೆ ಹೊಸ ಫ್ರೇಮು ಕೂರಿಸುತ್ತಿದ್ದಾಗ, ಅವನು ಒಂದಲ್ಲ, ಎರಡು ಸುಳ್ಳು ಹೇಳಿಬಿಟ್ಟ.

ಚಾಳೀಸು ಅವನ ಹೆಸರೇನಲ್ಲ. ಇಪ್ಪತ್ತೆರಡು ವರ್ಷ ಕನ್ನಡಕದ ಅಂಗಡಿಯಲ್ಲಿ ದುಡಿದದ್ದಕ್ಕೆ ಬೀದಿಯವರು ಕೊಟ್ಟ ಬಿರುದು. ಗಿರಾಕಿಯನ್ನು ಅಕ್ಷರದ ಬೋರ್ಡಿನ ಎದುರು ಕೂರಿಸಿ, ಕಣ್ಣಿಗೆ ಒಂದಾದ ಮೇಲೊಂದು ಗಾಜು ಸಿಕ್ಕಿಸಿ, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುವುದು ಅವನ ಕೆಲಸ. ಗಿರಾಕಿಗಳು "ಇದು" ಅನ್ನುತ್ತಾರೆ, "ಅದು" ಅನ್ನುತ್ತಾರೆ, ಬಹಳ ಜನ "ಎರಡೂ ಒಂದೇ ಥರ" ಅಂದು ಅವನ ಜೀವ ತಿನ್ನುತ್ತಾರೆ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಾದರೂ ಅವನ ಅಭಿಪ್ರಾಯ ಕೇಳಿದವರಿಲ್ಲ. ಒಂದೇ ಒಂದು ಸಲ ಹತ್ತು ಜನರ ಎದುರು ನಿಂತು ತಾನು ಮಾತಾಡಬೇಕು, ಅವರು ತಲೆದೂಗಬೇಕು ಎಂಬ ಆಸೆ ಅವನಿಗೆ ಒಳಗೊಳಗೇ ಇತ್ತು. ಅದು ತಪ್ಪೂ ಅಲ್ಲ ಬಿಡಿ.

ಹಲ್ಲಿನ ಡಾಕ್ಟರು ಊರಿನ ತಾರಾ ಬಳಗದ ಅಧ್ಯಕ್ಷರು. ಬಾಯಿ ತೆರೆದುಕೊಂಡು ಮಲಗಿದವರ ಹತ್ತಿರವೇ ಜೀವಮಾನವೆಲ್ಲ ಮಾತಾಡಿದ್ದರಿಂದ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು.

"ನಕ್ಷತ್ರ ನೋಡೋಕೆ ಮೊಬೈಲಲ್ಲಿ ಯಾವ ಆಪ್ ಒಳ್ಳೇದು ಹೇಳಿ? ನಮ್ಮ ಬಳಗದಲ್ಲಿ ಹದಿಮೂರು ಜನ, ಹದಿನಾಲ್ಕು ಆಪು. ಒಬ್ಬರಿಗೆ ಸಿಂಹ ಕಂಡ ಕಡೆ ಇನ್ನೊಬ್ಬರಿಗೆ ಕರಡಿ ಕಾಣುತ್ತೆ. ಮೊನ್ನೆ ಕೈ ಕೈ ಮಿಲಾಯಿಸೋದೊಂದು ಬಾಕಿ. ನೀವು ಕಣ್ಣಿನ ಕಸುಬಿನವರು, ನಿಮಗೆ ಗೊತ್ತಿರಬೇಕಲ್ಲ?"

ಚಾಳೀಸು ತನ್ನ ಫೋನಿನಲ್ಲಿ ಬಳಸುತ್ತಿದ್ದದ್ದು ಟಾರ್ಚೊಂದನ್ನೇ, ಅದೂ ನೆಲಕ್ಕೆ ಬಿದ್ದ ಫ್ರೇಮಿನ ಸ್ಕ್ರೂ ಹುಡುಕಲು. ಆದರೆ "ನಿಮಗೆ ಗೊತ್ತಿರಬೇಕಲ್ಲ" ಎಂಬ ಮಾತು ಅವನ ಕಿವಿಯೊಳಗೆ ಹೋಗಿ ನೇರ ತಲೆಗೇರಿತು.

"ನಾನು ಎಲ್ಲಾನೂ ಬಳಸಿ ನೋಡಿದೀನಿ ಡಾಕ್ಟ್ರೇ," ಎಂದ.

"ಭಲೇ! ಹಾಗಾದ್ರೆ ಭಾನುವಾರ ಸಂಜೆ ನಮ್ಮ ಬಳಗಕ್ಕೆ ನೀವೇ ಮಾತಾಡ್ತೀರಿ. ಆದ್ರೆ ಎಲ್ಲಿ ಸೇರೋದು? ನಮ್ಮ ಕ್ಲಿನಿಕ್ ಮೇಲೆ ದೊಡ್ಡ ಹಲ್ಲಿನ ಬೋರ್ಡು ಹೊಳೀತಿರುತ್ತೆ, ಆ ಹಲ್ಲು ಬಿಟ್ರೆ ಆಕಾಶದಲ್ಲಿ ಬೇರೇನೂ ಕಾಣಲ್ಲ."

"ನಮ್ಮನೆ ಟೆರೇಸ್ ಇದೆಯಲ್ಲ! ಬನ್ನಿ, ಎಲ್ಲರೂ ಬನ್ನಿ."

ಇದು ಎರಡನೆಯ ಸುಳ್ಳು. ಚಾಳೀಸಿಗೆ ಇದ್ದದ್ದು ಕೆಳಗಿನ ಎರಡು ಬಾಡಿಗೆ ಕೋಣೆ. ಟೆರೇಸು, ಅದಕ್ಕೆ ಹೋಗುವ ಮೆಟ್ಟಿಲು, ಆ ಮೆಟ್ಟಿಲ ಬಾಗಿಲಿನ ಬೀಗ, ಬೀಗದ ಕೈ, ಎಲ್ಲವೂ ಮಹಡಿಯ ಮೇಲಿದ್ದ ಟೀಚರಮ್ಮನವರದು.

ಅವನ ಹೆಂಡತಿ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವವಳು. ಗಂಡನ ಮಾತನ್ನೂ ಮೊದಲು ತಕ್ಕಡಿಗಿಟ್ಟು ಆಮೇಲೆ ಒಳಗೆ ತೆಗೆದುಕೊಳ್ಳುತ್ತಿದ್ದಳು.

"ಎಷ್ಟು ಜನ ಬರ್ತಾರೆ?"

"ಹದಿಮೂರು."

"ಟೆರೇಸ್ ಯಾರದು?"

"ಟೀಚರಮ್ಮಂದು."

"ಮತ್ತೆ ಬಾಯಿ ಯಾರದು?"

ಚಾಳೀಸು ಫೋನು ಹಿಡಿದು ಮಂಚದ ಮೇಲೆ ಕೂತ. ಎರಡು ದಿನದಲ್ಲಿ ಏಳು ಆಪು ಇಳಿಸಿಕೊಂಡ. ಮೊದಲನೆಯದು ಹುಟ್ಟಿದ ದಿನ ಕೇಳಿತು. ಕೊಟ್ಟ. "ಈ ವಾರ ಮಾತಿನ ಮೇಲೆ ಹಿಡಿತವಿರಲಿ" ಅಂದಿತು. ಇದು ಬೇರೆ ಜಾತಿಯ ಆಪು ಎಂದು ಅಳಿಸಿಹಾಕಿದ. ಆದರೆ ಏಳರಲ್ಲಿ ಸರಿಯಾದ ಮಾತು ಹೇಳಿದ್ದು ಅದೊಂದೇ ಎಂದು ನಾವು ಇಲ್ಲಿ ದಾಖಲಿಸಲೇಬೇಕು. ಎರಡನೆಯದರಲ್ಲಿ ಚಂದ್ರನ ಹತ್ತಿರ ಹೋದಾಗಲೆಲ್ಲ ಸೋಫಾದ ಜಾಹೀರಾತು ಬಂದು ಚಂದ್ರನ ಮೇಲೆ ಕೂರುತ್ತಿತ್ತು. ಇನ್ನೊಂದು ಆಕಾಶದ ತುಂಬ ಪ್ರಾಣಿಗಳ ಚಿತ್ರ ಬಿಡಿಸಿತು. "ಇದೇನು ಆಕಾಶವಾ, ಮೃಗಾಲಯವಾ?" ಎಂದಳು ಹೆಂಡತಿ. ಮತ್ತೊಂದು ಕತ್ತಲಲ್ಲಿ ಕಣ್ಣಿಗೆ ಹಿತವಾಗಲಿ ಎಂದು ಪರದೆಯನ್ನೆಲ್ಲ ಕೆಂಪು ಮಾಡಿಕೊಂಡಿತು. ಫೋನಿಗೆ ಜ್ವರ ಬಂದಿದೆ ಎಂದುಕೊಂಡು ಅವನು ಅದನ್ನು ಅರ್ಧ ಗಂಟೆ ಫ್ಯಾನಿನ ಕೆಳಗೆ ಮಲಗಿಸಿದ.

"ಇದು ಪರವಾಗಿಲ್ಲ ಕಣೇ. ಇದಕ್ಕೆ ನಾಲ್ಕೂವರೆ ನಕ್ಷತ್ರ ಕೊಟ್ಟಿದಾರೆ."

"ನಾಲ್ಕೂವರೆ ನಕ್ಷತ್ರ ನೋಡೋಕೆ ಇಷ್ಟೆಲ್ಲ ಒದ್ದಾಟವಾ? ಅಡುಗೆಮನೆ ಕಿಟಕೀಲಿ ನಿಂತ್ರೆ ಹತ್ತು ಕಾಣುತ್ತೆ."

ಏಳನೆಯದು ಕನ್ನಡದ್ದು. ಅದೂ ಎಂಥ ಕನ್ನಡ! ಫೋನನ್ನು ಯಾವ ಕಡೆ ಹಿಡಿದರೂ, ಹಗಲಾಗಲಿ ಗೋಡೆ ಅಡ್ಡವಿರಲಿ, ಆ ದಿಕ್ಕಿನಲ್ಲಿರುವ ಗ್ರಹವನ್ನು ಗಂಟಲು ಸರಿಮಾಡಿಕೊಂಡ ಹೆಂಗಸಿನ ದನಿಯಲ್ಲಿ ಗಟ್ಟಿಯಾಗಿ ಹೇಳುತ್ತಿತ್ತು. ಚಾಳೀಸಿಗೆ ಪ್ರಾಣವೇ ಬಂದಂತಾಯಿತು. ಮಾತಾಡುವ ಆಪು ಸಿಕ್ಕ ಮೇಲೆ ಭಾನುವಾರ ತಾನು ಮಾತಾಡುವ ಕಷ್ಟವೂ ಅರ್ಧ ತಪ್ಪಿತಲ್ಲ!

ಒಂದೇ ಒಂದು ತೊಡಕಿತ್ತು. ತೆರೆದ ಕೂಡಲೇ ಅದು ಹೀಗೆ ಬರೆದು ತೋರಿಸುತ್ತಿತ್ತು: "ದಿಕ್ಸೂಚಿ ತಪ್ಪಿದೆ. ಫೋನನ್ನು ಕೈಯಲ್ಲಿ ಹಿಡಿದು ೮ರ ಆಕಾರದಲ್ಲಿ ಆಡಿಸಿ."

ಅಷ್ಟೇ ತಾನೇ? ಚಾಳೀಸು ಕೋಣೆಯ ಮಧ್ಯೆ ನಿಂತು ಗಾಳಿಯಲ್ಲಿ ಎಂಟು ಬರೆದ. ಅಲ್ಲಿ ಬರೆದಿದ್ದ ಹಾಗೆಯೇ, ಕೆಳಗಿಳಿದು ಬಾಗಿ ಮೇಲೇರಿ ತುದಿಗೆ ತುದಿ ಕೂಡದೆ ಉಳಿಯುವ ಕನ್ನಡದ ೮. "ದಿಕ್ಸೂಚಿ ತಪ್ಪಿದೆ" ಎಂದಿತು ಫೋನು. ಇನ್ನೂ ದೊಡ್ಡದಾಗಿ ಬರೆದ. "ದಿಕ್ಸೂಚಿ ತಪ್ಪಿದೆ." ಕಪಾಟಿನಿಂದ ಬಾಗಿಲವರೆಗೆ ಹರಡುವ ಒಂದು ಎಂಟು ಬರೆದ. ನೀರಿನ ಜಗ್ಗು ಉರುಳಿ ಚಾಪೆ ಒದ್ದೆಯಾಯಿತು. ಕೊನೆಗೆ ಬೇಸತ್ತು "ಆಮೇಲೆ" ಎಂಬ ಗುಂಡಿ ಒತ್ತಿ, ದಿಕ್ಕು ತಪ್ಪಿದ ಫೋನನ್ನೇ ಜೇಬಿಗಿಟ್ಟುಕೊಂಡ.

ಈಗ ಟೀಚರಮ್ಮನವರ ವಿಷಯ. ಮೂವತ್ತಾರು ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತರಾದವರು. ಬೀದಿಯಲ್ಲಿ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವರು, ಉಳಿದರ್ಧದವರ ಅಕ್ಷರ ನೋಡಿ ನಿಟ್ಟುಸಿರು ಬಿಟ್ಟವರು. ಭಾರಿ ಆಳು. ಮಂಡಿ ನೋವಿನಿಂದ ಒಂದೊಂದು ಮೆಟ್ಟಿಲಿಗೂ ಯೋಚನೆ ಮಾಡಿ ಹೆಜ್ಜೆ ಇಡುತ್ತಿದ್ದರು. ಬಲಗೈಯ ಮೂರು ಬೆರಳಿಗೆ ಮೂರು ಉಂಗುರ. ಜೊತೆಗೆ ಮದುವೆಯಾಗದ ಇಬ್ಬರು ನಾದಿನಿಯರು, ಒಬ್ಬಳು ಈ ಪಕ್ಕ, ಒಬ್ಬಳು ಆ ಪಕ್ಕ, ಹಗಲೂ ರಾತ್ರಿ ಅತ್ತಿಗೆಯ ಹಿಂದೆ ಮುಂದೆ ಸುತ್ತುತ್ತಲೇ ಇರುತ್ತಿದ್ದರು.

ಗುರುವಾರ ಸಂಜೆ ಆರಕ್ಕೆ ಚಾಳೀಸು ಅನುಮತಿ ಕೇಳಲು ಮೆಟ್ಟಿಲ ಬುಡಕ್ಕೆ ಬಂದ. ಮೇಲಿನಿಂದ ಮೂವರೂ ಇಳಿಯುತ್ತಿದ್ದರು. ಬಾಯಿಮಾತಿಗಿಂತ ಪ್ರಾತ್ಯಕ್ಷಿಕೆ ಮೇಲು ಎಂದುಕೊಂಡು ಅವನು ಫೋನು ತೆಗೆದು ಎತ್ತಿ ಹಿಡಿದ.

"ಟೀಚರಮ್ಮಾ, ಒಂದು ವಿಷಯ..."

"ಶನಿ," ಎಂದಿತು ಫೋನು.

ಟೀಚರಮ್ಮ ನಿಂತರು.

"ಶನಿ ನಿಮ್ಮ ಎದುರಿಗೆ ಇದೆ."

ಚಾಳೀಸಿನ ಹೆಬ್ಬೆರಳು ಗಾಬರಿಯಿಂದ ಪರದೆಯ ಮೇಲೆ ಓಡಿತು. ನಿಲ್ಲಿಸುವ ಗುಂಡಿಯ ಪಕ್ಕದಲ್ಲೇ "ಹೆಚ್ಚಿನ ಮಾಹಿತಿ" ಎಂಬ ಗುಂಡಿ ಇಟ್ಟವನು ಯಾವನೋ, ಅವನಿಗೆ ಒಳ್ಳೆಯದಾಗಲಿ.

"ಬಹಳ ನಿಧಾನವಾಗಿ ಚಲಿಸುತ್ತದೆ," ಎಂದು ಫೋನು ಸ್ಪಷ್ಟವಾಗಿ ಶುರುಮಾಡಿತು. ಟೀಚರಮ್ಮನವರ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಒಂದು ಕಾಲು ಕೆಳಗಿನದರಲ್ಲಿ ಇತ್ತು. "ಉಂಗುರಗಳಿಂದ ಸುಲಭವಾಗಿ ಗುರುತಿಸಬಹುದು." ಕಂಬಿ ಹಿಡಿದಿದ್ದ ಬಲಗೈ ಮೆಲ್ಲಗೆ ಬೆನ್ನ ಹಿಂದಕ್ಕೆ ಹೋಯಿತು. "ಹಲವು ಉಪಗ್ರಹಗಳು ಸದಾ ಇದರ ಸುತ್ತ ಸುತ್ತುತ್ತಿರುತ್ತವೆ." ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬಹುಪಾಲು ಅನಿಲದಿಂದ ಕೂಡಿದೆ."

"ಅನಿಲ ಅಂದ್ರೆ ಗ್ಯಾಸಲ್ವಾ ಅತ್ತಿಗೆ?" ಎಂದಳು ಚಿಕ್ಕ ನಾದಿನಿ.

"ಗಾತ್ರದಲ್ಲಿ ಎರಡನೆಯದು."

"ಎರಡನೆಯದಾ?" ಟೀಚರಮ್ಮನವರ ದನಿ ಈಗ ಹೊರಬಂತು. "ಹಾಗಾದ್ರೆ ಮೊದಲನೇದು ಯಾರಪ್ಪಾ?"

"ಬರಿಗಣ್ಣಿಗೆ ಕಾಣುತ್ತದೆ," ಎಂದು ಫೋನು ಮುಗಿಸಿತು.

"ಕಾಣುತ್ತೆ, ಕಾಣುತ್ತೆ! ನಂಗೂ ಬರಿಗಣ್ಣಿಗೇ ಎಲ್ಲಾ ಕಾಣ್ತಿದೆ! ಒಂದು ಮಾತು ಬಾಯಿಬಿಟ್ಟು ಹೇಳೋ ಧೈರ್ಯ ಇಲ್ದೆ ಮಷೀನ್ ಕೈಲಿ ಹೇಳಿಸ್ತೀಯಾ?" ಎಂದು ಟೀಚರಮ್ಮ ತಿರುಗಿ, ಬಹಳ ನಿಧಾನವಾಗಿ, ಮೇಲಕ್ಕೆ ಹೋದರು. ಉಪಗ್ರಹಗಳೂ ಹೋದವು.

ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಬೀದಿ ದಾಟಿತ್ತು. ದೊಡ್ಡ ನಾದಿನಿ ದಿನಸಿ ಅಂಗಡಿಯಲ್ಲಿ ಹೇಳಿದ್ದು ಇಷ್ಟೇ: ಕೆಳಗಿನ ಮನೆಯವನು ಅತ್ತಿಗೆಯನ್ನು ಶನಿ ಅಂದ. ದಿನಸಿ ಅಂಗಡಿಯವನು ಹಾಲಿನವನಿಗೆ ಹೇಳುವಾಗ ಅದಕ್ಕೆ ಗ್ಯಾಸು ಸೇರಿಕೊಂಡಿತು. ಹಾಲಿನವನಿಂದ ಇಸ್ತ್ರಿಯವನಿಗೆ ತಲುಪುವಾಗ ಟೀಚರಮ್ಮನವರ ಮನೆಯಲ್ಲಿ ಗ್ಯಾಸು ಸೋರಿದೆ ಎಂದಾಯಿತು. ಇಸ್ತ್ರಿಯವನು ಜವಾಬ್ದಾರಿಯುಳ್ಳ ಮನುಷ್ಯ. ಮಧ್ಯಾಹ್ನ ಗ್ಯಾಸ್ ಕಂಪನಿಯ ಇನ್ಸ್‌ಪೆಕ್ಟರು ಮೂಗರಳಿಸಿಕೊಂಡು ಬಂದೇ ಬಂದರು.

"ಎಲ್ಲಮ್ಮಾ ಸೋರ್ತಿರೋದು?"

"ಸೋರ್ತಿರೋದು ಕೆಳಗಿನ ಮನೆಯವನ ಬಾಯಿ. ಅದಕ್ಕೊಂದು ವಾಷರ್ ಇದ್ರೆ ಹಾಕಿ ಹೋಗಿ," ಎಂದರು ಟೀಚರಮ್ಮ.

ಇನ್ಸ್‌ಪೆಕ್ಟರು ಎರಡೂ ಮನೆಯ ಒಲೆಗೆ ಸೋಪಿನ ನೀರು ಹಚ್ಚಿ ನೋಡಿ, ಒಂದು ರಸೀದಿಯಲ್ಲಿ "ಸೋರಿಕೆ ಇಲ್ಲ" ಎಂದು ಬರೆದು ಸಹಿ ಹಾಕಿಸಿಕೊಂಡು ಹೋದರು. ಸರ್ಕಾರಿ ಭಾಷೆಯಲ್ಲಿ ಚಾಳೀಸು ನಿರ್ದೋಷಿಯಾದದ್ದು ಹಾಗೆ. ಆದರೆ ಮಹಡಿಯ ಮೇಲೆ ಆ ರಸೀದಿ ನಡೆಯಲಿಲ್ಲ.

"ಬಾಯಿಂದ ಆಗಿದ್ದು ಸಾಕು. ಪತ್ರ ಬರೀರಿ," ಎಂದಳು ಊಟಕ್ಕೆ ಮನೆಗೆ ಬಂದಿದ್ದ ಹೆಂಡತಿ.

ಬರೆದ. ಪಾಪ, ಮನಸ್ಸಿಟ್ಟು ಬರೆದ. ತಾನು ಅವರನ್ನು ಏನೂ ಅಂದಿಲ್ಲ, ಹೇಳಿದ್ದೆಲ್ಲ ಮೇಲಿರುವ ಶನಿಯ ಬಗ್ಗೆ, ಭಾನುವಾರ ಹದಿಮೂರು ಜನ ಅದನ್ನೇ ನೋಡಲು ಬರುತ್ತಿದ್ದಾರೆ, ದಯವಿಟ್ಟು ಟೆರೇಸು ಕೊಡಬೇಕು ಎಂದು ಒಂದು ಪುಟ. ಹೆಂಡತಿ ಮತ್ತೆ ಕೆಲಸಕ್ಕೆ ಹೋಗಿದ್ದರಿಂದ ತೂಗಿ ನೋಡುವವರಿರಲಿಲ್ಲ. ಬಾಗಿಲ ಕೆಳಗೆ ತೂರಿಸಿ ಬಂದ. ಅರ್ಧ ಗಂಟೆಯಲ್ಲಿ ಪತ್ರ ವಾಪಸು ಬಂತು, ಉದ್ದಕ್ಕೂ ಕೆಂಪು ಶಾಯಿ. "ಶನಿ ಗೃಹ" ಎಂದು ಅವನು ಬರೆದ ಐದು ಕಡೆಯೂ ಸುತ್ತು ಹಾಕಿ, ಅಂಚಿನಲ್ಲಿ ಹೀಗೆ ಬರೆದಿತ್ತು: "ಗ್ರಹ ಬೇರೆ, ಗೃಹ ಬೇರೆ. ಗೃಹ ಎಂದರೆ ಮನೆ. ನಿನ್ನೆ ನನಗೆ ಅಂದೆ, ಈಗ ನನ್ನ ಮನೆಗೂ ಅಂದೆಯಾ? 'ಮೇಲಿರುವ ಶನಿ ಗೃಹವನ್ನು ನೋಡಲು ಹದಿಮೂರು ಜನ ಬರುತ್ತಾರೆ' ಎಂದರೆ ಏನರ್ಥ? ಟೆರೇಸು ಇಲ್ಲ. ಹತ್ತಕ್ಕೆ ಮೂರು."

"ಆ ಮೂರು ಯಾತಕ್ಕೆ ಕೊಟ್ರು?" ಎಂದಳು ಸಂಜೆ ಬಂದ ಹೆಂಡತಿ.

"ಅಕ್ಷರ ದುಂಡಗಿದೆ ಅಂತ ಕೆಳಗೆ ಬರೆದಿದಾರೆ," ಎಂದ ಚಾಳೀಸು, ಸೋತ ದನಿಯಲ್ಲಿ.

ಡಾಕ್ಟರಿಗೆ ಫೋನು ಮಾಡಿ ಬರಬೇಡಿ ಎನ್ನಬೇಕೆಂದು ಶನಿವಾರ ನಾಲ್ಕು ಸಲ ಪ್ರಯತ್ನಿಸಿದ. ನಾಲ್ಕು ಸಲವೂ ಡಾಕ್ಟರು "ಹಲೋ, ಎಲ್ಲಾ ತಯಾರಾ? ಭೇಷ್, ಭೇಷ್!" ಎಂದು ಇಟ್ಟುಬಿಟ್ಟರು.

ಭಾನುವಾರ ಸೂರ್ಯ ಮುಳುಗುವ ಹೊತ್ತಿಗೆ ಹದಿಮೂರೂ ಜನ ಗೇಟಿನ ಮುಂದೆ ಹಾಜರು. ಮಡಿಸುವ ಕುರ್ಚಿ, ಫ್ಲಾಸ್ಕು, ಎಲ್ಲರ ಮುಂದೆ, ಮಗುವನ್ನು ಎತ್ತಿಕೊಂಡ ಹಾಗೆ ದೂರದರ್ಶಕವನ್ನು ಎದೆಗವಚಿಕೊಂಡ ಡಾಕ್ಟರು.

"ತೆಗೀರಿ, ಗೇಟು ತೆಗೀರಿ. ಇನ್ನೂ ಸ್ವಲ್ಪ ದೊಡ್ಡದಾಗಿ. ಹಾಂ, ಹಾಗೇ ಇರಲಿ. ಮೇಲೆ ಹೋಗೋಣ್ವಾ?"

ಒಳಗಿನಿಂದ ಬೀಗ ಹಾಕಿದ ಮೆಟ್ಟಿಲ ಬಾಗಿಲು ಚಾಳೀಸಿನ ಬೆನ್ನ ಹಿಂದೆಯೇ ಇತ್ತು. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಇಪ್ಪತ್ತೆರಡು ವರ್ಷ ಕಾದಿದ್ದ ಸಭೆ ಎದುರಿಗಿತ್ತು, ಇನ್ನು ಐದು ನಿಮಿಷದಲ್ಲಿ ಅದರ ಮುಂದೆಯೇ ಅವನ ಮಾನ ಹರಾಜಾಗುವುದಿತ್ತು.

"ಮೇಲೆ ಹೋಗೋ ಮುಂಚೆ ಇಲ್ಲೇ ಒಂದು ಮುಖ್ಯವಾದ ಕೆಲಸ ಇದೆ," ಎಂದ, ಹೊತ್ತು ಕಳೆಯಲು. "ಯಾವ ಆಪ್ ಆದ್ರೂ ಮೊದಲು ಫೋನನ್ನ ಎಂಟರ ಆಕಾರದಲ್ಲಿ ಆಡಿಸಬೇಕು. ನಾನು ಮಾಡೋ ಹಾಗೆ ಮಾಡಿ."

ಗಾಳಿಯಲ್ಲಿ ತನ್ನ ಎಂಟು ಬರೆದ. ಬಳಗದವರು ಮುಖ ಮುಖ ನೋಡಿಕೊಂಡರು. ಅವರಿಗೆ ಗೊತ್ತಿದ್ದ ಎಂಟು ಬೇರೆ. ಆದರೆ ಎಲ್ಲಾ ಆಪು ಬಳಸಿ ನೋಡಿದ ಪರಿಣತನಿಗೆ ಎದುರಾಡುವುದು ಹೇಗೆ? "ಹೊಸ ವಿಧಾನ ಇರಬೇಕು," ಎಂದು ಡಾಕ್ಟರು ಪಿಸುಗುಟ್ಟಿ ಶುರುಮಾಡಿದರು. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಹದಿಮೂರು ಜನ ದೊಡ್ಡ ಮನುಷ್ಯರು ಬೀದಿಯಲ್ಲಿ ನಿಂತು, ಭಕ್ತಿಯಿಂದ, ಗಾಳಿಗೆ ಎಂಟು ತಿದ್ದತೊಡಗಿದರು. ದಿನಸಿ ಅಂಗಡಿಯವನು ಗಿರಾಕಿಯನ್ನು ಬಿಟ್ಟು ಹೊರಬಂದ. ಇಸ್ತ್ರಿಯವನ ಮೇಜಿನಿಂದ ಸುಟ್ಟ ಬಟ್ಟೆಯ ವಾಸನೆ ಬಂತು.

"ಏಯ್! ಆ ಹಿಂದಿನ ಸಾಲು!"

ಎಲ್ಲರ ಕೈಯೂ ಗಾಳಿಯಲ್ಲಿ ನಿಂತಿತು. ಮಹಡಿಯ ಕಿಟಕಿಯಲ್ಲಿ ಟೀಚರಮ್ಮ.

"ಎಂಟಿನ ತುದಿ ಅಷ್ಟು ಎಳೀಬಾರದು! ಆ ಮುಂದಿನವರು, ಅದೇನು ಎಂಟೋ ಕೊಕ್ಕೆಯೋ? ಇರಿ, ಬರ್ತೀನಿ."

ಅವಮಾನವನ್ನಾದರೂ ಸಹಿಸಿಯಾರು, ತಪ್ಪು ಬರವಣಿಗೆಯನ್ನು ಸಹಿಸುವ ಜೀವವಲ್ಲ ಅದು. ಮೆಟ್ಟಿಲು ಒಂದೊಂದಾಗಿ ಇಳಿದರು. ಬೀಗ ತೆರೆದು ಹೊರಬಂದರು.

"ಬೀದೀಲಿ ನಿಂತು ಏನು ನಡೆಸಿದೀರಿ?"

ಚಾಳೀಸು ಫೋನು ನೋಡಿದ, ಬಳಗವನ್ನು ನೋಡಿದ, ಕಿಟಕಿಯಲ್ಲಿದ್ದ ಹೆಂಡತಿಯನ್ನು ನೋಡಿದ. ಇನ್ನು ಸುಳ್ಳು ಹುಡುಕಲು ಅವನಿಗೆ ಶಕ್ತಿ ಉಳಿದಿರಲಿಲ್ಲ.

"ಟೀಚರಮ್ಮಾ, ನಂಗೆ ಏನೂ ಗೊತ್ತಿಲ್ಲ. ಡಾಕ್ಟ್ರೇ, ನಿಮಗೂ ಹೇಳ್ತಿದೀನಿ, ಈ ಆಪುಗಳನ್ನ ನಾನು ಮಂಗಳವಾರದಿಂದ ಈಚೆಗೆ ನೋಡಿದ್ದು. ಟೆರೇಸೂ ನಂದಲ್ಲ. ಈ ಫೋನು ಎಂಟು ಬರಿ ಅನ್ನುತ್ತೆ. ಬರೆದೂ ಬರೆದೂ ಕೈ ಬಿದ್ದುಹೋಯ್ತು, ದಿಕ್ಕು ತಪ್ಪಿದೆ ಅಂತಲೇ ಹೇಳುತ್ತೆ. ಮೊನ್ನೆ ದಿಕ್ಕು ತಪ್ಪಿದ್ದಕ್ಕೇ ನಿಮ್ಮನ್ನ ತೋರಿಸಿ ಹಾಗಂದುಬಿಡ್ತು."

ಟೀಚರಮ್ಮ ಫೋನು ಕಿತ್ತುಕೊಂಡು, ಕನ್ನಡಕ ಏರಿಸಿ ಓದಿದರು. ಅವರ ಮುಖದ ಗಂಟು ಮೆಲ್ಲಗೆ ಬಿಚ್ಚಿತು.

"ಅಯ್ಯೋ ಪೆದ್ದೇ. ಮೂವತ್ತಾರು ವರ್ಷ ಎರಡೂ ಎಂಟು ಕಲಿಸಿದೀನಿ ನಾನು. ಇದನ್ನ ಮಾಡಿದವನು ಇಂಗ್ಲಿಷ್ ಎಂಟು ಮನಸ್ಸಲ್ಲಿಟ್ಕೊಂಡು ಮಾಡಿದಾನೆ. ಯಾರೋ ಅದನ್ನ ಕನ್ನಡಕ್ಕೆ ತರೋವಾಗ ಅಂಕಿನೂ ಬದಲಾಯಿಸಿಬಿಟ್ಟಿದಾನೆ. ಇದು ಕೇಳ್ತಿರೋದು ಒಂದರ ಮೇಲೊಂದು ಕೂತ ಎರಡು ಸೊನ್ನೆ ಕಣೋ!"

ಉಂಗುರದ ಕೈ ಎತ್ತಿ, ಕರಿಹಲಗೆಯ ಮೇಲೆ ಬರೆದಷ್ಟೇ ದುಂಡಗೆ, ಗಾಳಿಯಲ್ಲಿ ಒಂದು ಎಂಟು ಸುತ್ತಿದರು.

"ಧನ್ಯವಾದ. ದಿಕ್ಸೂಚಿ ಸರಿಯಾಗಿದೆ," ಎಂದಿತು ಫೋನು.

"ಶಭಾಷ್," ಎಂದರು ಟೀಚರಮ್ಮ, ಫೋನಿಗೆ.

ಡಾಕ್ಟರು ಚಾಳೀಸಿನ ಹೆಗಲ ಮೇಲೆ ಕೈಯಿಟ್ಟರು. "ಗೊತ್ತಿಲ್ಲ ಅಂತ ಹೇಳೋಕೆ ಏನ್ರೀ ಇಷ್ಟು ಸಂಕಟ? ನಮಗೆ ಗೊತ್ತಿದ್ದಿದ್ರೆ ನಿಮ್ಮನ್ನ ಯಾಕೆ ಕರೀತಿದ್ವಿ?" ಜೀವಮಾನದಲ್ಲಿ ಮೊದಲ ಸಲ ಅವರು ಉತ್ತರಕ್ಕೆ ಕಾದರು. ಚಾಳೀಸು ಕೆಳಗಿದ್ದ ಎರಡು ಮಡಿಸುವ ಕುರ್ಚಿ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದ.

ಎಲ್ಲರೂ ಟೆರೇಸಿಗೆ ಹತ್ತಿದರು, ಟೀಚರಮ್ಮನವರ ವೇಗದಲ್ಲಿ. ಫೋನು ಈಗ ಶನಿಯನ್ನು ಪಡುವಣದ ಕಡೆ ತೋರಿಸಿತು. ಡಾಕ್ಟರು ದೂರದರ್ಶಕವನ್ನು ಅತ್ತ ತಿರುಗಿಸಿ, "ಮೊದಲು ನೀವು ನೋಡಿ ಅಮ್ಮ. ಬಾಯಿ... ಅಲ್ಲಲ್ಲ, ಕಣ್ಣು ದೊಡ್ಡದಾಗಿ ತೆಗೀರಿ," ಎಂದರು.

ಟೀಚರಮ್ಮ ನೋಡಿದರು. ಕಪ್ಪು ಹಲಗೆಯ ಮಧ್ಯೆ ಯಾರೋ ಎಚ್ಚರದಿಂದ ಬರೆದಿಟ್ಟ ಹಾಗೆ ಪುಟ್ಟದೊಂದು ಗುಂಡು, ಅದರ ಸುತ್ತ ತೆಳ್ಳಗಿನ ಉಂಗುರ.

"ಇದಕ್ಕಾ ನನ್ನನ್ನ ಹೋಲಿಸಿದ್ದು?"

"ನಾನಲ್ಲ ಟೀಚರಮ್ಮಾ, ಅದು..."

"ಇಷ್ಟು ಚೆನ್ನಾಗಿದೆಯಲ್ಲೋ! ಮೊದಲೇ ತೋರಿಸಬಾರದಾ?" ಎಂದು ಅವರು ನಾದಿನಿಯರನ್ನು ಕರೆದರು. "ಬನ್ರೇ, ನಮ್ಮನ್ನ ನೋಡಿ."

ಆಮೇಲೆ ಚಾಳೀಸು ಮಾತಾಡಿದ. ಭಾಷಣವಲ್ಲ. ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ, ಒಂದೇ ನಕ್ಷತ್ರಕ್ಕೆ ಎರಡು ಫೋನು ಹಿಡಿದು, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಎಂದು ಕೇಳುತ್ತ ಹೋದ. ನಾಚಿಕೆಗೆ "ಹೂಂ" ಅನ್ನುವವರು ಯಾರು, ನಿಜವಾಗಿ ಕಂಡವರು ಯಾರು ಎಂದು ಅವನಿಗೆ ಹುಬ್ಬು ನೋಡಿದರೇ ಗೊತ್ತಾಗುತ್ತಿತ್ತು. ಕಣ್ಣು ಮಂಜಾದವರಿಗೆ ದೊಡ್ಡ ಅಕ್ಷರದ್ದು, ಕತ್ತಲಲ್ಲಿ ಕಣ್ಣು ಚುಚ್ಚುವವರಿಗೆ ಪರದೆ ಕೆಂಪಾಗುವುದು, ಗೆರೆಗಳಿಂದ ಗಲಿಬಿಲಿಯಾಗುವವರಿಗೆ ಬರೀ ಚುಕ್ಕಿ ತೋರಿಸುವುದು. ಮೃಗಾಲಯವನ್ನು ಚಿಕ್ಕ ನಾದಿನಿ ತನಗೆ ಬೇಕೆಂದು ತೆಗೆದುಕೊಂಡಳು.

"ಇದೇನ್ರೀ, ಹದಿಮೂರು ಜನಕ್ಕೆ ಹದಿಮೂರು ಥರ ಆಯ್ತು! ಒಂದು ಆರಿಸಿ ಅಂದ್ರೆ?" ಎಂದರು ಡಾಕ್ಟರು.

"ಹದಿಮೂರು ಜನಕ್ಕೆ ಒಂದೇ ಕನ್ನಡಕ ಕೊಡೋಕಾಗುತ್ತಾ ಡಾಕ್ಟ್ರೇ?"

ಹದಿಮೂರು ತಲೆ ಒಟ್ಟಿಗೆ ತೂಗಿದವು. ಚಹಾ ಹಿಡಿದು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ತಲೆಯೂ ತೂಗಿತು. ಅವಳ ತಕ್ಕಡಿಯಲ್ಲಿ ಅವನ ಮಾತು ಸರಿಯಾಗಿ ತೂಗಿದ್ದು ಅಂದೇ. ಚಾಳೀಸಿಗೆ ಇನ್ನೇನೂ ಬೇಕಾಗಿರಲಿಲ್ಲ. ಆದರೂ ಟೀಚರಮ್ಮ ಬಿಡಬೇಕಲ್ಲ.

"ನಂಗೆ ಆ ಮಾತಾಡೋದು ಹಾಕಿಕೊಡು," ಎಂದರು ಅವರು, ಮೂಡಣದ ಗೋಡೆಯ ಹತ್ತಿರ ನೀರಿನ ಟ್ಯಾಂಕಿಗೆ ಒರಗಿ ನಿಂತು. "ಎಲ್ಲಿ, ಸರಿಯಾಗಿ ಮಾತಾಡುತ್ತಾ ನೋಡೋಣ. ನನ್ನ ಕಡೆ ಹಿಡಿ."

"ಬೇಡ ಟೀಚರಮ್ಮಾ..."

"ಹಿಡಿ ಅಂದೆ."

ಚಾಳೀಸು ಕಣ್ಣು ಮುಚ್ಚಿಕೊಂಡು ಹಿಡಿದ. ಟ್ಯಾಂಕಿನ ಹಿಂದಿನಿಂದ, ಟೀಚರಮ್ಮನವರ ಹೆಗಲ ಮೇಲೆ, ಆಗತಾನೇ ದೊಡ್ಡದೊಂದು ಚುಕ್ಕಿ ಮೇಲೇರಿತ್ತು.

"ಗುರು," ಎಂದಿತು ಫೋನು. "ಗುರು ನಿಮ್ಮ ಎದುರಿಗೆ ಇದೆ. ಗಾತ್ರದಲ್ಲಿ ಮೊದಲನೆಯದು."

ಯಾರೂ ನಗಲಿಲ್ಲ. ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

"ಇದೆ ಅಂತಾರೇನೋ? ಗುರುಗಳು ಎದುರಿಗೆ *ಇದ್ದಾರೆ* ಅನ್ನಬೇಕು," ಎಂದರು. ಆಮೇಲೆ ದನಿ ತಗ್ಗಿಸಿ, "ಹೋಗಲಿ, ಹತ್ತಕ್ಕೆ ಒಂಬತ್ತು. ಎಲ್ಲಿ, ಇನ್ನೊಂದ್ಸಲ ಹೇಳಿಸು."